ಗೋಕರ್ಣದ ಕಡಲದಂಡೆಗೆ ಸಿಲ್‌ನೈಲಾನ್ ಟಾರ್ಪ್

ಕುಡ್ಲೆಯಿಂದ ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚಿಗೆ ಹೋಗುವ ಕಾಲುದಾರಿಯಲ್ಲಿ ರಾತ್ರಿ ತಂಗಲು 3×3 ಮೀಟರಿನ ಸಿಲ್‌ನೈಲಾನ್ ಟಾರ್ಪ್ (ಸಿಲಿಕೋನ್ ಲೇಪಿಸಿದ ನೈಲಾನಿನ, ಹಗ್ಗದಿಂದ ಬಿಗಿದು ಮೇಲೆ ಕಟ್ಟುವ ಹೊದಿಕೆ) ಸಾಕು. ತೂಕ ಸುಮಾರು 500 ಗ್ರಾಂ. ಎರಡು ಪದರದ ಟೆಂಟ್ ಇಲ್ಲಿ ಸುಮ್ಮನೆ ಹೊರೆ, ಸೆಕೆಗೆ ಒಳಗೆ ನಿದ್ದೆಯೂ ಬಾರದು.

ಕೊರತೆಯಿರುವುದು ಜೊತೆಗೆ ಕೊಡುವ ಗೂಟಗಳಲ್ಲಿ. ತೆಳು ಅಲ್ಯೂಮಿನಿಯಂ ಗೂಟ ಸಡಿಲ ಮರಳಲ್ಲಿ ನಿಲ್ಲುವುದಿಲ್ಲ, ಗಾಳಿ ಬೀಸಿದರೆ ಕಿತ್ತು ಬರುತ್ತದೆ. ಬದಲಿಗೆ ಆರು ಬಟ್ಟೆ ಚೀಲ ಒಯ್ಯಿರಿ. ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಒಂದೂವರೆ ಅಡಿ ಆಳಕ್ಕೆ ಹೂತು ಗಟ್ಟಿಯಾಗಿ ತುಳಿಯಿರಿ. ನೈಲಾನ್ ತೇವ ಹೀರಿ ಜೋಲುತ್ತದೆ, ಮಲಗುವ ಮುನ್ನ ಹಗ್ಗ ಮತ್ತೆ ಬಿಗಿಯಲೇಬೇಕು. ಪಾಲಿಯೆಸ್ಟರಿನದಾದರೆ ಈ ಕಾಟ ಕಡಿಮೆ. ಕರಾವಳಿಗೆ ನನ್ನ ಮತ ಅದಕ್ಕೇ.

ಮನೆಗೆ ಬಂದೊಡನೆ ಸಿಹಿನೀರಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿ. ಉಪ್ಪು ಉಳಿದರೆ ಲೋಹದ ಕೊಂಡಿಗಳು ಹಾಳಾಗುತ್ತವೆ.