ಮಿಯಾಟಾಗೆ ಯಾವ ಕ್ಲಚ್: ಆರ್ಗ್ಯಾನಿಕ್ಕೋ, ಪಕ್ಕೋ?

ಯಾವ ಕ್ಲಚ್ ಪ್ಲೇಟ್ ಹಾಕಿದರೂ ಗೇರ್‌ಬಾಕ್ಸ್ ಇಳಿಸುವ ಕಷ್ಟ ಒಂದೇ. ಅದಕ್ಕೇ ಕಾರಿನ ಕೆಳಗೆ ಮಲಗುವ ಮೊದಲೇ ಯಾವುದು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಆರ್ಗ್ಯಾನಿಕ್ ಅಂದರೆ ಸುತ್ತಲೂ ಸಾದಾ ಲೈನಿಂಗ್ (ಹಿಡಿತ ಕೊಡುವ ಪದರ) ಇರುವ ಪ್ಲೇಟ್. ಪಕ್ ಅಂದರೆ ಅದರ ಬದಲು ಬಿಡಿಬಿಡಿಯಾದ ಗಟ್ಟಿ ತುಂಡುಗಳಿರುವ ಪ್ಲೇಟ್.

ನನ್ನದು 1995ರ ಮಜ್ಡಾ ಮಿಯಾಟಾ, 1.8 ಲೀಟರ್ ಇಂಜಿನ್. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ದಿನಾ ಆಫೀಸಿಗೆ ಹೋಗಿಬರುವ ಗಾಡಿ. ಗೆಳೆಯನದೂ ಅದೇ ಮಾಡೆಲ್, ಆದರೆ ಟರ್ಬೊ ಹಾಕಿಸಿದ್ದಾನೆ, ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಓಡಿಸುತ್ತಾನೆ. ಎರಡರ ಕ್ಲಚ್ಚೂ ಸ್ಲಿಪ್ ಆಗುತ್ತಿತ್ತು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತಿತ್ತು, ಸ್ಪೀಡ್ ಮಾತ್ರ ಏರುತ್ತಿರಲಿಲ್ಲ. ಎರಡನ್ನೂ ನಮ್ಮ ಗ್ಯಾರೇಜಿನಲ್ಲೇ ಬಿಚ್ಚಿದೆವು. ನನ್ನ ಹಳೆ ಪ್ಲೇಟಿನಲ್ಲಿ ಲೈನಿಂಗ್ ಸವೆದು, ರಿವೆಟ್ ತಲೆಗಳು ಉಗುರಿಗೆ ಸಿಗುವಷ್ಟು ಮೇಲೆ ಬಂದಿದ್ದವು.

ನನ್ನದಕ್ಕೆ ಎಕ್ಸೆಡಿ ಕಂಪನಿಯ ಸಾದಾ ಆರ್ಗ್ಯಾನಿಕ್ ಕಿಟ್. ಅವನದಕ್ಕೆ ಆರು ಪಕ್ಕಿನ ಸೆರಾಮಿಕ್ ಪ್ಲೇಟ್, ಜೊತೆಗೆ ಬಿಗಿ ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು), ಹಗುರ ಫ್ಲೈವೀಲ್ (ಇಂಜಿನ್ ಜೊತೆ ತಿರುಗುವ ಚಕ್ರ, ಕ್ಲಚ್ ಪ್ಲೇಟ್ ಹಿಡಿಯುವುದು ಇದನ್ನೇ).

ವ್ಯತ್ಯಾಸ ಗೊತ್ತಾಗುವುದು ಹೈವೇಯಲ್ಲಲ್ಲ, ಮನೆ ಮುಂದಿನ ಏರಿನಲ್ಲಿ. ರಿವರ್ಸ್ ಹಾಕಿ ಹಾಫ್ ಕ್ಲಚ್ಚಿನಲ್ಲಿ ಹತ್ತಿಸಿದರೆ ನನ್ನ ಕಾರು ಸುಮ್ನೆ ಹತ್ತುತ್ತದೆ. ಅವನದು ದಡದಡ ಅಂತ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡಾಗಿ ಕಾಣುತ್ತದೆ. ಪಕ್ಕಿನಲ್ಲಿ ಹಾಫ್ ಕ್ಲಚ್ ಅನ್ನುವುದೇ ಇಲ್ಲ ಅನ್ನಬಹುದು. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಸಂಜೆ 880 ಹೈವೇಯ ಟ್ರಾಫಿಕ್ಕಿನಲ್ಲಿ ಅವನ ಕಾರು ಓಡಿಸಿದರೆ ಎಡಗಾಲು ಬೇಡ ಅನ್ನುತ್ತದೆ. ಹಗುರ ಫ್ಲೈವೀಲ್ ಇರುವುದರಿಂದ ಹೊರಡುವಾಗ ಆಕ್ಸಿಲರೇಟರ್ ಕೂಡ ಜಾಸ್ತಿ ಕೊಡಬೇಕು, ಇಲ್ಲದಿದ್ದರೆ ಆಫ್ ಆಗುತ್ತದೆ.

ಆದರೆ ಟ್ರ್ಯಾಕಿನಲ್ಲಿ ಅವನದೇ ಮೇಲು. ಟರ್ಬೊ ಪೂರ್ತಿ ಎಳೆಯುವಾಗಲೂ ಸ್ಲಿಪ್ ಇಲ್ಲ. ಬಿಸಿಯಾದರೂ ಹಿಡಿತ ಬಿಡುವುದಿಲ್ಲ. ಫ್ಲೈವೀಲಿನ ಮುಖವನ್ನು ಪಕ್ ಬೇಗ ತಿನ್ನುತ್ತದೆ, ಅದು ಅವನಿಗೆ ಗೊತ್ತಿರುವ ಲೆಕ್ಕ. ಟರ್ಬೊ ಇಲ್ಲದ ಕಾರಿಗೆ ಇದೆಲ್ಲ ಯಾಕೆ? 1.8 ಇಂಜಿನ್ ಕೊಡುವುದು ಸುಮಾರು 150 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಸಾದಾ ಕ್ಲಚ್ ಅದನ್ನು ಆರಾಮಾಗಿ ತಡೆದುಕೊಳ್ಳುತ್ತದೆ.

ಉಳಿದ ದುಡ್ಡನ್ನು ನಾನು ಇಂಜಿನ್ ಹಿಂಭಾಗದ ಆಯಿಲ್ ಸೀಲ್, ಹೊಸ ಸ್ಲೇವ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಹಾಕಿದೆ. ಸೀಲ್ ಸೋರಿ ಲೈನಿಂಗಿಗೆ ಎಣ್ಣೆ ತಾಗಿದರೆ ಹೊಸ ಪ್ಲೇಟೂ ಹೋಯಿತು ಅಂತಲೇ ಲೆಕ್ಕ. ಸೀಲ್ ಅಗ್ಗ, ಅಲ್ಲಿಗೆ ಮತ್ತೆ ಕೈ ಹಾಕುವುದು ಅಗ್ಗವಲ್ಲ. ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆ ನೋಡಿ ಬಿಗಿಯುವ ಸ್ಪ್ಯಾನರ್) ಬೇಕೇಬೇಕು: ಫ್ಲೈವೀಲ್ ಬೋಲ್ಟಿಗೆ 96ರಿಂದ 103 ನ್ಯೂಟನ್ ಮೀಟರ್, ಪ್ರೆಶರ್ ಪ್ಲೇಟಿಗೆ 18ರಿಂದ 26 ಮಾತ್ರ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ದಂಡ) ಎಳೆಯುವ ಮುಂಚೆ ಗೇರ್ ಆಯಿಲ್ ಇಳಿಸಿ, ಇಲ್ಲದಿದ್ದರೆ ಮುಖಕ್ಕೇ ಅಭಿಷೇಕ. ಗೇರ್‌ಬಾಕ್ಸ್ ಏರಿಸುವಾಗ ಇನ್ನೊಬ್ಬರು ಇರಲಿ.

1.6 ಇಂಜಿನ್ನಿನ ಹಳೆ ಮಿಯಾಟಾ ಇರುವವರಿಗೆ ಮೂರನೇ ದಾರಿಯೂ ಇದೆ. ಅದರ ಕ್ಲಚ್ಚಿನ ವ್ಯಾಸ 200 ಮಿಲಿಮೀಟರ್, 1.8ರದ್ದು 215. ದೊಡ್ಡದರ ಫ್ಲೈವೀಲ್ ಮತ್ತು ಕ್ಲಚ್ ಒಟ್ಟಿಗೆ ಹಾಕಿದರೆ ಸರಿಯಾಗಿ ಕೂರುತ್ತವೆ. ಪಕ್ಕಿಗೆ ಹೋಗುವ ಮೊದಲು ಅದನ್ನು ನೋಡಿ.