ಕ್ರೆಡಿಟ್ ಅನಲಿಸ್ಟ್ ಕೆಲಸಕ್ಕೆ ಆನ್‌ಲೈನ್ ರೆಸ್ಯೂಮ್ ಸೇವೆ: ವರ್ಷಗಟ್ಟಲೆ ಬಳಸಿದ ಮೇಲೆ

ಅಂಕ: 5ಕ್ಕೆ 3

ದುಡ್ಡು ಕೊಟ್ಟು ಬಳಸುವ ರೆಸ್ಯೂಮ್ ಸೇವೆ ಇದು. ಜಿಲ್ಲಾ ಕೇಂದ್ರದ ಬ್ರಾಂಚಿನಲ್ಲಿ ಸಾಲದ ಫೈಲ್ ನೋಡುತ್ತಿದ್ದಾಗ ಸೇರಿದೆ. ಈಗ ಬೆಂಗಳೂರಿನ ಖಾಸಗಿ ಬ್ಯಾಂಕೊಂದರಲ್ಲಿ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆ) ಕ್ರೆಡಿಟ್ ಟೀಮಿನಲ್ಲಿದ್ದೇನೆ. ಸಾಲ ಕೊಡಬಹುದೇ ಅಂತ ಲೆಕ್ಕಪತ್ರ ನೋಡಿ ಹೇಳುವುದೇ ಕ್ರೆಡಿಟ್ ಅನಲಿಸ್ಟ್ ಕೆಲಸ. ಹೊಸಬರ ರೆಸ್ಯೂಮ್‌ಗಳೂ ನನ್ನ ಟೇಬಲ್ಲಿಗೆ ಬರುತ್ತವೆ, ಹಾಗಾಗಿ ಎರಡೂ ಕಡೆಯಿಂದ ನೋಡಿ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು. ಒಂದೇ ಕಾಲಮ್ಮಿನ ಸಾದಾ ಟೆಂಪ್ಲೇಟ್ ನಿಜಕ್ಕೂ ಚೆನ್ನಾಗಿದೆ. ಅಕ್ಷರ, ಅಂತರ, ದಿನಾಂಕ ಎಲ್ಲ ಅಚ್ಚುಕಟ್ಟು. ವರ್ಡ್ ಮತ್ತು ಪಿಡಿಎಫ್ ಎರಡೂ ಸಿಗುತ್ತವೆ. ಆದರೆ ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟ್ ಕಡೆ ಹೋಗಬೇಡಿ. ಅದರ ಪಿಡಿಎಫ್‌ನಿಂದ ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ನನ್ನದರಲ್ಲಿ ಡಿಗ್ರಿಯ ಸಾಲು ಬ್ಯಾಂಕಿನ ಅನುಭವದ ನಡುವೆ ಬಂದು ಕೂತಿತ್ತು. ಅರ್ಜಿ ಸೋಸುವ ಸಾಫ್ಟ್‌ವೇರ್‌ಗೂ ಹಾಗೆಯೇ ಕಂಡರೆ ಕಷ್ಟ ಅಲ್ವಾ? 'ಎಕ್ಸೆಲ್‌ಗೆ ನಾಲ್ಕು ಸ್ಟಾರ್' ಅಂತ ತೋರಿಸುವ ಪಟ್ಟಿಯೂ ಬೇಡ. ಅದನ್ನು ಕೊಟ್ಟವರು ನೀವೇ, ಯಾರೂ ನಂಬುವುದಿಲ್ಲ.

ಸೇವೆ ಸೋಲುವುದು ವಾಕ್ಯಗಳಲ್ಲಿ. 'ಸಾಲದ ಅರ್ಜಿಗಳನ್ನು ಪರಿಶೀಲಿಸಿ ಹಣಕಾಸು ವಿಶ್ಲೇಷಣೆ ಮಾಡಿದ್ದೇನೆ' ಅನ್ನುವ ಧಾಟಿಯಲ್ಲೇ ಅದು ಬರೆದುಕೊಡುತ್ತದೆ. ಇದನ್ನು ಯಾರು ಬೇಕಾದರೂ ಬರೆಯಬಹುದು. ಓದುವವನಿಗೆ ಬೇಕಾದದ್ದು ಬೇರೆ. ಯಾವ ವ್ಯಾಪಾರ, ಎಷ್ಟು ದೊಡ್ಡ ಲಿಮಿಟ್ (ಸಾಲದ ಮಿತಿ), ಲೆಕ್ಕ ಯಾವ ವಿಧಾನದಲ್ಲಿ, ಕೊನೆಗೆ ನೀವು ಏನು ಶಿಫಾರಸು ಮಾಡಿದಿರಿ?

ಅದೇ ಸಾಲನ್ನು ನಾನು ಹೀಗೆ ತಿದ್ದಿದೆ (ವರ್ಕಿಂಗ್ ಕ್ಯಾಪಿಟಲ್ ಅಂದರೆ ದಿನನಿತ್ಯದ ವಹಿವಾಟಿಗೆ ಬೇಕಾದ ಹಣ, ಅಪ್ರೈಸಲ್ ಅಂದರೆ ಸಾಲದ ಪ್ರಸ್ತಾವದ ಪರಿಶೀಲನೆ): 'ಗಂಗಾವತಿ ಭಾಗದ ರೈಸ್ ಮಿಲ್‌ಗಳಿಗೆ 5 ಕೋಟಿ ರೂಪಾಯಿವರೆಗಿನ ವರ್ಕಿಂಗ್ ಕ್ಯಾಪಿಟಲ್ ಪ್ರಸ್ತಾವಗಳ ಅಪ್ರೈಸಲ್. ಅಂದಾಜು ವಾರ್ಷಿಕ ವಹಿವಾಟಿನ ಶೇ 20ರ ಲೆಕ್ಕದಲ್ಲಿ ಲಿಮಿಟ್. ಜಿಎಸ್‌ಟಿ ರಿಟರ್ನ್‌ನ ಮಾರಾಟವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜಮಾ ಜೊತೆ ತಾಳೆ ನೋಡಿ, ವ್ಯತ್ಯಾಸ ಇದ್ದ ಕಡೆ ಲಿಮಿಟ್ ಇಳಿಸಲು ಶಿಫಾರಸು.'

ಇಂಟರ್‌ವ್ಯೂನಲ್ಲಿ ಮಾತು ಶುರುವಾಗಿದ್ದೇ ಈ ಸಾಲಿನಿಂದ. ಭತ್ತದ ಸುಗ್ಗಿಯಲ್ಲಿ ಸ್ಟಾಕ್ ಏರಿದಾಗ ಡ್ರಾಯಿಂಗ್ ಪವರ್ (ಸ್ಟಾಕ್ ಆಧಾರದ ಮೇಲೆ ಆಗ ತೆಗೆಯಬಹುದಾದ ಸಾಲದ ಮೊತ್ತ) ಹೇಗೆ ಲೆಕ್ಕ ಹಾಕುತ್ತೀರಿ, ಇನ್ನೂ ದುಡ್ಡು ಕೊಡದೆ ಸಾಲಕ್ಕೆ ತಂದ ಭತ್ತವನ್ನು ಕಳೆಯುತ್ತೀರಾ ಅಂತ ಕೇಳಿದರು. ದಿನಾ ಮಾಡಿದ ಕೆಲಸ, ಉತ್ತರ ತಾನಾಗೇ ಬಂತು. ಡಿಎಸ್‌ಸಿಆರ್ (ಕಂತು ಕಟ್ಟಲು ಆದಾಯ ಸಾಕೇ ಎಂಬ ಅಳತೆ), ಕರೆಂಟ್ ರೇಷಿಯೊ (ಅಲ್ಪಾವಧಿಯ ಆಸ್ತಿಗೂ ಬಾಕಿಗೂ ಇರುವ ಅನುಪಾತ) ಅಂತ ಪದಗಳನ್ನು ಸುಮ್ನೆ ಸುರಿಯಬೇಡಿ. ಬರೆದ ಪ್ರತಿಯೊಂದರ ಮೇಲೂ ಪ್ರಶ್ನೆ ಬರುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಅವರ ಎಐ ಸಲಹೆ ನೋಡಿ. ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಶೇ 30 ಇಳಿಸಿದೆ ಅಂತ ನಾನು ಎಲ್ಲೂ ಹೇಳದ ಅಂಕಿಯನ್ನು ಅದೇ ತುಂಬಿತ್ತು. ಸಾಲ ಕೊಡುವ ಮುಂಚೆ ಪ್ರತಿ ಅಂಕಿಯನ್ನೂ ಅನುಮಾನಿಸುವುದೇ ನಮ್ಮ ಕಸುಬು. ಅಂಥ ಕೆಲಸದ ಅರ್ಜಿಯಲ್ಲೇ ಸುಳ್ಳು ಅಂಕಿಯೇ? ಬದಲಿಗೆ, ಕಂತು ಬಾಕಿಯಾಗಿ 30 ದಿನ ದಾಟಿ ಎಸ್‌ಎಂಎ-1ಕ್ಕೆ (ಎನ್‌ಪಿಎ ಆಗುವ ಮುಂಚಿನ ಎಚ್ಚರಿಕೆಯ ಹಂತ) ಬಂದ ಖಾತೆಯಲ್ಲಿ ನೀವು ಏನು ಗುರುತಿಸಿದಿರಿ, ಮೇಲಿನವರಿಗೆ ಏನು ಬರೆದಿರಿ ಅನ್ನೋದನ್ನ ಹಾಕಿ. 'ನಿಭಾಯಿಸಿದ ಗ್ರಾಹಕರು' ಅಂತ ಒಂದು ಖಾನೆಯೂ ಇದೆ. ಖಾಲಿ ಬಿಡಿ. ಸಾಲಗಾರರ ಹೆಸರು ರೆಸ್ಯೂಮ್‌ನಲ್ಲಿ ಬರಲೇಬಾರದು, ಅದು ಅವರ ಗುಟ್ಟು.

ಬ್ಯಾಂಕ್ ನೌಕರರ ಪರೀಕ್ಷೆಗಳಾದ ಜೆಎಐಐಬಿ, ಸಿಎಐಐಬಿ ಪಾಸಾಗಿದ್ದರೆ ಮೊದಲ ಪುಟದ ಮೇಲ್ಭಾಗದಲ್ಲೇ ಇರಲಿ. ಟೆಂಪ್ಲೇಟ್ ಅದನ್ನು ಕೊನೆಗೆ ತಳ್ಳುತ್ತದೆ, ಕೈಯಿಂದಲೇ ಎಳೆದು ತರಬೇಕು.

ಸರ್ಕಾರಿ ಬ್ಯಾಂಕುಗಳ ಅಧಿಕಾರಿ ನೇಮಕದ ಐಬಿಪಿಎಸ್ ಪಿಒ ಪರೀಕ್ಷೆಗೆ ಓದುತ್ತಿರುವವರಿಗೆ ಈ ಖರ್ಚು ಬೇಡವೇ ಬೇಡ, ಅಲ್ಲಿ ನಡೆಯುವುದು ಪರೀಕ್ಷೆ ಮತ್ತು ಇಂಟರ್‌ವ್ಯೂ ಅಂಕ. ಖಾಸಗಿ ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಸಂಸ್ಥೆ), ಅಥವಾ ಶಾರ್ಟ್‌ಲಿಸ್ಟ್ ಮಾಡಿ ಇಂಟರ್‌ವ್ಯೂಗೆ ಕರೆಯುವ ಎಸ್‌ಬಿಐನ ಕ್ರೆಡಿಟ್ ಅನಲಿಸ್ಟ್ ಹುದ್ದೆಗೆ ಹಾಕುವವರಿಗೆ ಒಂದು ತಿಂಗಳ ಪ್ಲಾನ್ ಸಾಕು. ವರ್ಡ್ ಫೈಲ್ ಇಳಿಸಿಕೊಳ್ಳಿ, ಆಟೋ ರಿನ್ಯೂವಲ್ ಅವತ್ತೇ ಆಫ್ ಮಾಡಿ. ಆ ಬಟನ್ ಅಕೌಂಟ್ ಸೆಟ್ಟಿಂಗ್ಸ್‌ನ ತೀರಾ ಕೆಳಗಿದೆ.