ಸಾಕೆಟ್ ಒಂದೇ ಎಂಬ ಮಾತನ್ನು ನಂಬಿ ಪ್ರೊಸೆಸರ್ ಬದಲಿಸುವವರ ಗಮನಕ್ಕೆ

ನನ್ನ ಕಂಪ್ಯೂಟರಿನಲ್ಲಿ 2017ರ ರೈಜನ್ 5 1600 ಪ್ರೊಸೆಸರ್ ಇತ್ತು. ಅದನ್ನು ತೆಗೆದು, 2022ರಲ್ಲಿ ಬಿಡುಗಡೆಯಾದ ರೈಜನ್ 5 5600 ಹಾಕಲು ಹೊರಟೆ. ಎರಡೂ ಎಎಂ4 ಸಾಕೆಟ್ಟಿನವು (ಸಾಕೆಟ್ ಎಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಮದರ್‌ಬೋರ್ಡ್ ಬಿ450 ಚಿಪ್‌ಸೆಟ್ಟಿನದು. "ಸಾಕೆಟ್ ಒಂದೇ, ಹಾಕಿದರೆ ಓಡುತ್ತದೆ" ಎಂದು ಮಾರಿದವರು ಹೇಳಿದರು. ಸಾಕೆಟ್ ಒಂದೇ ಎಂಬುದು ನಿಜವೇ. ಆದರೆ ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನ ತಂತ್ರಾಂಶವಾದ ಬಯೋಸ್ ಹಳೆಯದಾಗಿದ್ದರೆ, ತನಗಿಂತ ಎಷ್ಟೋ ತಡವಾಗಿ ಬಂದ ಪ್ರೊಸೆಸರನ್ನು ಅದು ಗುರುತಿಸಲಾರದು ಎಂಬ ಸಂಗತಿಯನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಅನಾಹುತ ಹಳೆಯದನ್ನು ತೆಗೆಯುವಾಗಲೇ ಆಯಿತು. ಪ್ರೊಸೆಸರಿನ ಶಾಖವನ್ನು ಕೂಲರಿಗೆ ಸಾಗಿಸುವ ಥರ್ಮಲ್ ಪೇಸ್ಟ್ ವರ್ಷಗಳಿಂದ ಒಣಗಿ ಕೂಲರನ್ನೂ ಪ್ರೊಸೆಸರನ್ನೂ ಅಂಟಿಸಿಬಿಟ್ಟಿತ್ತು. ನಾನು ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದಾಗ, ಸಾಕೆಟ್ಟಿನ ಸನ್ನೆ ಮುಚ್ಚಿದ್ದರೂ ಪ್ರೊಸೆಸರ್ ಅದರ ಜೊತೆಗೇ ಕಿತ್ತುಬಂದಿತು. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಒಟ್ಟು 1331 ಪಿನ್ನುಗಳಿರುತ್ತವೆ. ಮೂಲೆಯ ನಾಲ್ಕು ಬಾಗಿದ್ದವು. ಇನ್ನು ಇದರ ಅಗತ್ಯವೇನಿದೆ ಎಂದುಕೊಂಡು ಪಕ್ಕಕ್ಕಿಟ್ಟೆ. ಕಂಪ್ಯೂಟರನ್ನು ಹತ್ತು ನಿಮಿಷ ಭಾರವಾದ ಕೆಲಸಕ್ಕೆ ಹಚ್ಚಿ, ಪೇಸ್ಟ್ ಬಿಸಿಯಾದ ಮೇಲೆ ಆರಿಸಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿಕೊಂಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಹೊಸದನ್ನು ಕೂರಿಸಿ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂಬ ಹೆಸರಿನ ನಾಲ್ಕು ಪುಟ್ಟ ದೀಪಗಳಿದ್ದು, ಅವುಗಳಲ್ಲಿ ಸಿಪಿಯು ದೀಪ ಆರದೆ ಉರಿಯುತ್ತಿತ್ತು. ಅಷ್ಟು ಸ್ಪಷ್ಟವಾದ ಸುಳಿವು ಕಣ್ಣೆದುರಿಗಿದ್ದರೂ ನಾನು ರ್‍ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಹಾಕಿದೆ, ನಾಣ್ಯದಂತಹ 3 ವೋಲ್ಟ್ ಬ್ಯಾಟರಿಯನ್ನು ತೆಗೆದು ಸಿಮಾಸ್, ಅಂದರೆ ಬಯೋಸಿನಲ್ಲಿ ಉಳಿದಿದ್ದ ಸೆಟ್ಟಿಂಗುಗಳನ್ನು ಅಳಿಸಿದೆ, ಕೊನೆಗೆ ಪವರ್ ಸಪ್ಲೈಯನ್ನೂ ಶಂಕಿಸಿದೆ. ಎರಡೂ ಪ್ರೊಸೆಸರುಗಳು 65 ವ್ಯಾಟಿನವೇ ಆಗಿರುವಾಗ ಆ ಶಂಕೆಗೆ ಅರ್ಥವೇ ಇರಲಿಲ್ಲ.

ಎರಡು ದಿನ ಕಳೆದ ಮೇಲೆ ಬೋರ್ಡ್ ತಯಾರಕರ ಪಟ್ಟಿಯನ್ನು ನೋಡಿದೆ. ಯಾವ ಪ್ರೊಸೆಸರಿಗೆ ಕನಿಷ್ಠ ಯಾವ ಬಯೋಸ್ ಆವೃತ್ತಿ ಬೇಕೆಂದು ಅದರಲ್ಲಿ ಸಾಲುಸಾಲಾಗಿ ಬರೆದಿತ್ತು. ನನ್ನ ಬೋರ್ಡಿನಲ್ಲಿದ್ದದ್ದು ಅದಕ್ಕಿಂತ ಬಹಳ ಹಳೆಯದು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ತುಂಬುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ಬಯೋಸ್ ಬದಲಿಸಬೇಕಾದರೆ ಕಂಪ್ಯೂಟರ್ ಏಳಬೇಕು, ಅದು ಏಳಬೇಕಾದರೆ ನಾನು ಪಿನ್ ಬಾಗಿಸಿಟ್ಟಿದ್ದ ಆ ಹಳೆಯ ಪ್ರೊಸೆಸರೇ ಬೇಕು. ಲೋಹದ ತುದಿಯ ಮೆಕ್ಯಾನಿಕಲ್ ಪೆನ್ಸಿಲಿನಿಂದ ಸೀಸವನ್ನು ಹೊರತೆಗೆದು, ಆ ಟೊಳ್ಳು ತುದಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ ನೆಟ್ಟಗೆ ಮಾಡಲು ಒಂದು ಸಂಜೆಯೇ ಹಿಡಿಯಿತು. ಅದೃಷ್ಟವಶಾತ್ ಒಂದೂ ಮುರಿಯಲಿಲ್ಲ. ಕೈಗೆ ಸಿಕ್ಕ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿನಲ್ಲಿ ಫ್ಯಾಟ್32 ಎಂಬ ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಕಡತವನ್ನು ಹಾಕಿ, ಹಳೆಯ ಪ್ರೊಸೆಸರಿನ ಮೇಲೆಯೇ ಹೊಸ ಆವೃತ್ತಿಯನ್ನು ತುಂಬಿಸಿದೆ. ಆಮೇಲೆ ಹಾಕಿದ 5600 ಮೊದಲ ಸಲಕ್ಕೇ ಎದ್ದಿತು.

ನಿಜವಾದ ನಷ್ಟವಾದದ್ದು ಇದರ ನಂತರ. ಹೊಸ ಪ್ರೊಸೆಸರ್ ಕಂಡುಬಂದಿದೆ, ಎಫ್‌ಟಿಪಿಎಂ ಅಳಿಸಬೇಕಾದರೆ ವೈ ಒತ್ತಿ, ಉಳಿಸಿಕೊಳ್ಳಬೇಕಾದರೆ ಎನ್ ಒತ್ತಿ ಎಂಬ ಸೂಚನೆ ಪರದೆಯ ಮೇಲೆ ಬಂದಿತು. ಎಫ್‌ಟಿಪಿಎಂ ಎಂದರೆ ಡಿಸ್ಕಿನ ಬೀಗದಂತಹವುಗಳ ಕೀಲಿಗಳನ್ನು ಕಾಯ್ದಿಡುವ, ಪ್ರೊಸೆಸರಿನೊಳಗಿನ ಭದ್ರತಾ ವ್ಯವಸ್ಥೆ. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಬಳಸುತ್ತಿದ್ದರೆ ರಿಕವರಿ ಕೀ ಇಲ್ಲದೆ ಕಂಪ್ಯೂಟರ್ ಏಳದು ಎಂದು ಅಲ್ಲೇ ಬರೆದಿತ್ತು. ಎರಡು ದಿನಗಳ ನಂತರ ಪರದೆಯಲ್ಲಿ ಅಕ್ಷರ ಕಂಡ ಸಂಭ್ರಮದಲ್ಲಿ ನಾನು ಓದದೆ ವೈ ಒತ್ತಿದೆ. ಮರುಕ್ಷಣ ವಿಂಡೋಸ್ 48 ಅಂಕಿಗಳ ಕೀಲಿಯನ್ನು ಕೇಳಿತು. ಎನ್ ಒತ್ತಿದ್ದರೆ ಹಳೆಯ ಪ್ರೊಸೆಸರನ್ನು ಮರಳಿ ಹಾಕಿ ಡಿಸ್ಕನ್ನು ತೆರೆಯುವ ದಾರಿಯಾದರೂ ಉಳಿದಿರುತ್ತಿತ್ತು. ನಾನು ಆ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಸಿರಲಿಲ್ಲ, ಕಾಗದದ ಮೇಲೂ ಮುದ್ರಿಸಿರಲಿಲ್ಲ. ಅದು ಇದ್ದದ್ದು ಒಂದೇ ಒಂದು ಕಡೆ: ಬಯೋಸ್ ಕಡತಕ್ಕಾಗಿ ನಾನು ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ.

ಆದ್ದರಿಂದ, ಹಳೆಯ ಪ್ರೊಸೆಸರ್ ಇನ್ನೂ ಓಡುತ್ತಿರುವಾಗಲೇ ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ನಿನಲ್ಲಿ ಬಯೋಸ್ ಆವೃತ್ತಿಯನ್ನು ನೋಡಿ, ತಯಾರಕರ ಪಟ್ಟಿಯೊಂದಿಗೆ ಹೋಲಿಸಿಕೊಳ್ಳಿ. ರಿಕವರಿ ಕೀಯನ್ನು ಆ ಕಂಪ್ಯೂಟರಿನ ಹೊರಗೆ ಎರಡು ಕಡೆ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು, ಆಮೇಲೆ ಬಯೋಸ್ ನವೀಕರಿಸಿ; ಸ್ಕ್ರೂಡ್ರೈವರಿಗೆ ಕೈ ಹಾಕುವುದು ಇವೆಲ್ಲ ಮುಗಿದ ಮೇಲೆ. ನನ್ನ ಡಿಸ್ಕನ್ನು ಕೊನೆಗೆ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಂಡೆ. ಫೋನಿನಲ್ಲಿ ಪ್ರತಿಯಿದ್ದ ಕೆಲವು ಚಿತ್ರಗಳ ಹೊರತು ಹಳೆಯದು ಯಾವುದೂ ಸಿಗಲಿಲ್ಲ.